ಎಲ್ಲರಿಗೂ ಒಂದೇ ಆದ ಮಾಹಿತಿ ಹಗುರವಾಗಿ, ಹತ್ತಿರದಲ್ಲಿ: ಜಾಲತಾಣದ ಕಡತಗಳು ಮತ್ತು ವಿತರಣಾ ಜಾಲ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ

ಮಾನ್ಯ ಸದಸ್ಯರು ಈ ಪಾಠವನ್ನು ಓದಿದ ನಂತರ ಮೂರು ವಿಷಯಗಳನ್ನು ತಿಳಿದಿರಬೇಕೆಂಬುದು ಅಪೇಕ್ಷೆ. ಮೊದಲನೆಯದು, ಪಂಚಾಯತಿಯು ಜಾಲತಾಣಕ್ಕೆ ಏರಿಸುವ ಕಡತಗಳ ಭಾರವನ್ನು ಇಳಿಸುವ ಬಗೆ. ಎರಡನೆಯದು, ಅಂತಹ ಕಡತಗಳನ್ನು ಓದುಗನ ಸಮೀಪದಲ್ಲಿ ಇರಿಸುವ ವಿತರಣಾ ಜಾಲದ ಕಾರ್ಯವಿಧಾನ. ಮೂರನೆಯದು, ಈ ವ್ಯವಸ್ಥೆಯಲ್ಲಿ ಎಂದಿಗೂ ಇರಿಸಬಾರದ ಮಾಹಿತಿ ಯಾವುದೆಂಬ ವಿವೇಚನೆ.

1. ವಿಷಯದ ಮಹತ್ವ

ಮೂಡಿಗೆರೆ ತಾಲ್ಲೂಕಿನ ದೇವರಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾಲಭೈರವೇಶ್ವರ ದೇವಾಲಯವಿರುವ ಈ ಬೆಟ್ಟಸಾಲಿನ ಆಸುಪಾಸಿನಲ್ಲಿ ಮನೆಗಳು ಕಾಫಿ ತೋಟ, ಶೋಲಾ ಕಾಡು ಹಾಗೂ ಹುಲ್ಲುಗಾವಲುಗಳ ನಡುವೆ ಚದುರಿಕೊಂಡಿವೆ. ಇಂತಹ ಮಲೆನಾಡಿನಲ್ಲಿ ರಸ್ತೆಯ ಒಂದು ತಿರುವಿನಲ್ಲಿ ದೊರೆತ ಮೊಬೈಲ್ ಸಂಕೇತ ಮುಂದಿನ ತಿರುವಿನಲ್ಲಿ ಇಲ್ಲವಾಗುವುದು ಸಾಮಾನ್ಯ. ಮುಂಗಾರಿನಲ್ಲಿ ಮರ ಬಿದ್ದು ವಿದ್ಯುತ್ ಕಡಿತವಾದರೆ ಗೋಪುರಗಳೂ ಮೌನವಾಗುತ್ತವೆ.

2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಭಾಗಗಳಲ್ಲಿ ಭೂಕುಸಿತ ಸಂಭವಿಸಿದ್ದು ಸದಸ್ಯರ ನೆನಪಿನಲ್ಲಿದೆ. ಅಂತಹ ದಿನಗಳಲ್ಲಿ ಬೆಟ್ಟದ ಮೇಲಿನ ಕುಟುಂಬಕ್ಕೆ ಕೆಲವೇ ನಿಮಿಷಗಳ ದುರ್ಬಲ ಸಂಪರ್ಕ ದೊರೆಯಬಹುದು. ಆ ಅವಧಿಯೊಳಗೆ ರಸ್ತೆ ಬಂದ್, ಕಾಳಜಿ ಕೇಂದ್ರ ಅಥವಾ ಪರಿಹಾರದ ಅರ್ಜಿಯ ಸೂಚನೆಯು ತೆರೆದುಕೊಳ್ಳಬೇಕು. ತೆರೆದುಕೊಳ್ಳದಿದ್ದರೆ ಆ ಕುಟುಂಬದ ಪಾಲಿಗೆ ಸೂಚನೆ ಪ್ರಕಟವಾಗಿಯೇ ಇಲ್ಲ.

ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4ರಂತೆ ಸಾರ್ವಜನಿಕ ಪ್ರಾಧಿಕಾರಗಳು ಮಾಹಿತಿಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕಾಗುತ್ತದೆ. ಹಾಗೆ ಪ್ರಕಟಿಸುವಾಗ ವೆಚ್ಚ, ಸ್ಥಳೀಯ ಭಾಷೆ ಹಾಗೂ ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ಸಂವಹನ ವಿಧಾನವನ್ನು ಗಮನದಲ್ಲಿಡಬೇಕೆಂದು ಅದೇ ಪ್ರಕರಣದ ಉಪಪ್ರಕರಣ 4 ಹೇಳುತ್ತದೆ. ಆದ್ದರಿಂದ ಕಡತದ ಭಾರವು ಕೇವಲ ತಂತ್ರಜ್ಞರ ವಿಷಯವಾಗಿ ಉಳಿಯುವುದಿಲ್ಲ. ಅದು ಪಂಚಾಯತಿಯ ಕರ್ತವ್ಯದ ಭಾಗವೇ ಆಗಿರುತ್ತದೆ.

2. ಪುಟವೊಂದು ತೆರೆಯುವ ಬಗೆ

ಜಾಲತಾಣದ ಒಂದು ಪುಟವು ಒಂದೇ ಕಡತವಲ್ಲ. ಬರಹ, ವಿನ್ಯಾಸದ ಕಡತ, ಗುಂಡಿಗಳನ್ನು ನಡೆಸುವ ಸ್ಕ್ರಿಪ್ಟ್, ಅಕ್ಷರಶೈಲಿ ಅಂದರೆ ಫಾಂಟ್, ಛಾಯಾಚಿತ್ರಗಳು, ಪಿಡಿಎಫ್ ದಾಖಲೆಗಳು ಬೇರೆ ಬೇರೆಯಾಗಿ ಬಂದು ಮೊಬೈಲ್‌ನಲ್ಲಿ ಕೂಡಿಕೊಳ್ಳುತ್ತವೆ. ಇವುಗಳನ್ನು ಎರಡು ವರ್ಗಗಳಾಗಿ ವಿಂಗಡಿಸುವುದೇ ಈ ಪಾಠದ ಮೂಲ ಸೂತ್ರ.

ಮೊದಲ ವರ್ಗ: ಎಲ್ಲರಿಗೂ ಒಂದೇ ಆಗಿರುವುದು. ಲಾಂಛನ, ವಿನ್ಯಾಸ, ಫಾಂಟ್, ಗ್ರಾಮಸಭೆಯ ಸೂಚನೆ, ಕ್ರಿಯಾಯೋಜನೆ, ಕಾಮಗಾರಿಯ ಚಿತ್ರ ಈ ವರ್ಗಕ್ಕೆ ಸೇರುತ್ತವೆ. ಇವು ಕಚೇರಿಯ ಸೂಚನಾ ಫಲಕದಂತೆ.

ಎರಡನೆಯ ವರ್ಗ: ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿರುವುದು. ಒಬ್ಬ ಅರ್ಜಿದಾರನ ಅರ್ಜಿಯ ಸ್ಥಿತಿ, ಲಾಗಿನ್ ಆದ ನಂತರ ಕಾಣುವ ವಿವರ, ಬ್ಯಾಂಕ್ ಖಾತೆಯ ಮಾಹಿತಿ ಈ ವರ್ಗದವು. ಇವು ಮೊಹರು ಮಾಡಿದ ಲಕೋಟೆಯಂತೆ.

ಮೊದಲ ವರ್ಗವನ್ನು ಹಗುರಗೊಳಿಸಿ ಹತ್ತಿರ ಇರಿಸಬೇಕು. ಎರಡನೆಯದನ್ನು ಸಾಮಾನ್ಯ ಸಂಗ್ರಹದಿಂದ ದೂರ ಇರಿಸಬೇಕು.

3. ಭಾರ ಇಳಿಸುವುದು

ಛಾಯಾಚಿತ್ರ. 12 ಮೆಗಾಪಿಕ್ಸೆಲ್ ಮೊಬೈಲ್‌ನಲ್ಲಿ ತೆಗೆದ ಚಿತ್ರವು ಸುಮಾರು 4,000 ಅಗಲ, 3,000 ಎತ್ತರದ ಬಿಂದುಗಳನ್ನು ಹೊಂದಿರುತ್ತದೆ. ಅದರ ಗಾತ್ರ 4 ಎಂಬಿ ಎಂದಿಟ್ಟುಕೊಳ್ಳೋಣ. ಇಂತಹ ಐದು ಚಿತ್ರಗಳಿಗೆ 20 ಎಂಬಿ, ಅಂದರೆ 160 ಮೆಗಾಬಿಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗವಿರುವಲ್ಲಿ ಇವು ಇಳಿಯಲು 160 ಸೆಕೆಂಡು ಬೇಕು. ಅದೇ ಚಿತ್ರಗಳ ಅಗಲವನ್ನು 1,200 ಬಿಂದುಗಳಿಗೆ ಇಳಿಸಿ, ಪ್ರತಿಯೊಂದನ್ನೂ 200 ಕೆಬಿಯೊಳಗೆ ಉಳಿಸಿದರೆ ಒಟ್ಟು 1 ಎಂಬಿ ಆಗುತ್ತದೆ. ಅದು 8 ಸೆಕೆಂಡಿನಲ್ಲಿ ಇಳಿಯುತ್ತದೆ. ಚರಂಡಿ ಕಾಮಗಾರಿ ಮುಗಿದಿದೆಯೇ ಎಂದು ಮೊಬೈಲ್ ಪರದೆಯಲ್ಲಿ ನೋಡುವವರಿಗೆ ಎರಡೂ ಚಿತ್ರಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಲೆಕ್ಕಪರಿಶೋಧನೆಗೆ ಬೇಕಾದ ಮೂಲ ಚಿತ್ರವನ್ನು ಕಚೇರಿಯಲ್ಲಿ ಪ್ರತ್ಯೇಕವಾಗಿ ಉಳಿಸಿಕೊಳ್ಳತಕ್ಕದ್ದು.

ಸ್ಕ್ಯಾನ್ ಮಾಡಿದ ದಾಖಲೆ. ಎ4 ಹಾಳೆಯನ್ನು 300 ಡಿಪಿಐ ವರ್ಣದಲ್ಲಿ ಸ್ಕ್ಯಾನ್ ಮಾಡಿದರೆ, ಅಡಕಗೊಳಿಸುವ ಮುನ್ನ ಒಂದು ಪುಟಕ್ಕೆ ಸುಮಾರು 26 ಎಂಬಿ ದತ್ತಾಂಶ ಉತ್ಪತ್ತಿಯಾಗುತ್ತದೆ. 150 ಡಿಪಿಐ ಕಪ್ಪು ಬಿಳುಪು ಛಾಯೆಯಲ್ಲಿ ಮಾಡಿದರೆ ಅದರ ಹನ್ನೆರಡನೇ ಒಂದು ಭಾಗ ಸಾಕು. ಸಹಿ, ಮೊಹರು ಇರುವ ಪುಟವನ್ನು ಮಾತ್ರ ಸ್ಕ್ಯಾನ್ ಮಾಡಿ, ಉಳಿದುದನ್ನು ಬರಹವಾಗಿಯೇ ಪ್ರಕಟಿಸುವುದು ಇನ್ನೂ ಉತ್ತಮ.

ಕನ್ನಡ ಬರಹ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. 'ಪಂಚಾಯತಿ' ಎಂಬ ಪದದಲ್ಲಿ ಸ್ವರಚಿಹ್ನೆ, ಅನುಸ್ವಾರಗಳೂ ಸೇರಿ 7 ಸಂಕೇತಗಳಿದ್ದು, ಅದು 21 ಬೈಟ್ ಆಗುತ್ತದೆ. 2,000 ಸಂಕೇತಗಳ ಒಂದು ಸೂಚನೆ ಕೇವಲ 6,000 ಬೈಟ್, ಅಂದರೆ ಸುಮಾರು 6 ಕೆಬಿ. ಈ ಮೂರು ಬೈಟ್‌ಗಳಲ್ಲಿ ಮೊದಲನೆಯದು ಕನ್ನಡದ ಎಲ್ಲ ಸಂಕೇತಗಳಿಗೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಹೀಗೆ ಪುನರಾವರ್ತನೆ ಹೆಚ್ಚಿರುವುದರಿಂದ ಜಿಜಿಪ್, ಬ್ರಾಟ್ಲಿ ಎಂಬ ಅಡಕ ವಿಧಾನಗಳು ಕನ್ನಡ ಬರಹವನ್ನು ಚೆನ್ನಾಗಿ ಕುಗ್ಗಿಸುತ್ತವೆ. ಅದೇ ಸೂಚನೆಯ ಸ್ಕ್ಯಾನ್ ಚಿತ್ರ ನೂರಾರು ಕೆಬಿ ಆಗುವುದಲ್ಲದೆ, ಅದರಲ್ಲಿ ಪದ ಹುಡುಕಲಾಗದು. ದೃಷ್ಟಿದೋಷವುಳ್ಳವರ ಮೊಬೈಲ್ ಅದನ್ನು ಓದಿ ಹೇಳಲಾರದು.

ಫಾಂಟ್. ಒತ್ತಕ್ಷರಗಳ ರೂಪಗಳೆಲ್ಲ ಸೇರುವುದರಿಂದ ಕನ್ನಡ ಫಾಂಟ್ ಕಡತ ಭಾರವಾಗುತ್ತದೆ. ಪುಟವೊಂದು ನಾಲ್ಕು ದಪ್ಪಗಳ ಅಕ್ಷರ ಬಳಸಿದರೆ ಸಾಮಾನ್ಯವಾಗಿ ನಾಲ್ಕು ಕಡತಗಳು ಇಳಿಯುತ್ತವೆ. ಒಂದೆರಡು ದಪ್ಪಗಳಿಗೆ ಸೀಮಿತಗೊಳಿಸಿ, ವಾಫ್2 ಎಂಬ ಅಡಕ ರೂಪದಲ್ಲಿ ನೀಡುವಂತೆ ಜಾಲತಾಣ ನಿರ್ಮಿಸುವವರಿಗೆ ತಿಳಿಸಬಹುದು.

4. ವಿತರಣಾ ಜಾಲ ಎಂದರೇನು?

ಪಡಿತರದ ಅಕ್ಕಿಗಾಗಿ ಪ್ರತಿ ಕಾರ್ಡುದಾರನೂ ಕೇಂದ್ರ ಉಗ್ರಾಣಕ್ಕೆ ಪ್ರಯಾಣ ಮಾಡುವುದಿಲ್ಲ. ಎಲ್ಲರಿಗೂ ಒಂದೇ ಆದ ಆ ಅಕ್ಕಿಯನ್ನು ಮುಂಚಿತವಾಗಿ ನ್ಯಾಯಬೆಲೆ ಅಂಗಡಿಗೆ ತಂದಿರಿಸಲಾಗುತ್ತದೆ. ವಿಷಯ ವಿತರಣಾ ಜಾಲ, ಅಂದರೆ ಸಿಡಿಎನ್, ಜಾಲತಾಣದ ಕಡತಗಳಿಗೆ ಇದೇ ಏರ್ಪಾಡನ್ನು ಮಾಡುತ್ತದೆ. ಮೂಲ ಸರ್ವರ್ ಒಂದೆಡೆ ಇರುತ್ತದೆ. ಅನೇಕ ನಗರಗಳಲ್ಲಿರುವ ವಿತರಣಾ ಸರ್ವರ್‌ಗಳು ಅದರ ಕಡತಗಳ ಪ್ರತಿಗಳನ್ನು ಇಟ್ಟುಕೊಳ್ಳುತ್ತವೆ. ಒಬ್ಬರು ಕೇಳಿದಾಗ ತಂದ ಪ್ರತಿಯನ್ನು ಮುಂದಿನ ನೂರಾರು ಜನರಿಗೆ ಅಲ್ಲಿಂದಲೇ ನೀಡುತ್ತವೆ. ಹೀಗೆ ಇಟ್ಟುಕೊಂಡ ಪ್ರತಿಗೆ ಕ್ಯಾಶ್ ಪ್ರತಿ ಎನ್ನುತ್ತಾರೆ.

ಈ ವಿಧಾನ ಹೊಸದೇನಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್ ಅಂತರ್ಜಾಲದ ದಟ್ಟಣೆಗೆ ಗಣಿತದ ಪರಿಹಾರ ಹುಡುಕಿ, 1998ರಲ್ಲಿ ಅಕಮೈ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿರುವ ಎಸ್3ವಾಸ್ ವೇದಿಕೆಯಲ್ಲಿ ಅನೇಕ ಜಿಲ್ಲೆಗಳ ಅಧಿಕೃತ ಜಾಲತಾಣಗಳು ನಿರ್ಮಾಣಗೊಂಡಿವೆ. ಅಂತಹ ತಾಣಗಳಲ್ಲಿ ಒಂದು ಚಿತ್ರವನ್ನೋ ಪಿಡಿಎಫ್ ಕಡತವನ್ನೋ ತೆರೆದು ಮೇಲಿನ ವಿಳಾಸವನ್ನು ಗಮನಿಸಿದರೆ, ಅದು ಜಿಲ್ಲೆಯ ಹೆಸರಿನಿಂದಲ್ಲದೆ 'ಸಿಡಿಎನ್' ಎಂಬ ಅಕ್ಷರಗಳಿಂದ ಆರಂಭವಾಗುವುದನ್ನು ಕಾಣಬಹುದು. ಪುಟ ಒಂದೆಡೆಯಿಂದಲೂ ಕಡತ ಇನ್ನೊಂದೆಡೆಯಿಂದಲೂ ಬರುತ್ತಿರುವುದಕ್ಕೆ ಇದೇ ಸಾಕ್ಷಿ.

5. ದೂರದ ಲೆಕ್ಕ ಮತ್ತು ಅದರ ಮಿತಿ

ಬೆಳಕು ಗಾಜಿನ ತಂತಿಯಲ್ಲಿ ಸೆಕೆಂಡಿಗೆ ಸುಮಾರು 2,00,000 ಕಿಮೀ ಚಲಿಸುತ್ತದೆ. ಸುರಕ್ಷಿತ ಪುಟವೊಂದರ ಮೊದಲ ಅಕ್ಷರ ಬರುವ ಮುನ್ನ ಮೊಬೈಲ್ ಮತ್ತು ಸರ್ವರ್ ನಡುವೆ ಕನಿಷ್ಠ ಮೂರು ಬಾರಿ ಹೋಗಿಬರುವ ಸಂವಾದ ನಡೆಯುತ್ತದೆಂದು ಲೆಕ್ಕ ಹಾಕೋಣ. ಸರ್ವರ್ 13,000 ಕಿಮೀ ದೂರದ ಅಮೆರಿಕದಲ್ಲಿದ್ದರೆ ಇದಕ್ಕೆ ಕನಿಷ್ಠ 390 ಮಿಲಿಸೆಕೆಂಡು, 2,000 ಕಿಮೀ ದೂರದಲ್ಲಿದ್ದರೆ 60, ಸುಮಾರು 250 ಕಿಮೀ ದೂರದ ಬೆಂಗಳೂರಿನಲ್ಲಿದ್ದರೆ 8ಕ್ಕಿಂತ ಕಡಿಮೆ. ವಾಸ್ತವದಲ್ಲಿ ತಂತಿಯ ಸುತ್ತುದಾರಿ, ದಟ್ಟಣೆಗಳಿಂದ ಈ ಅಂಕಿಗಳು ಹೆಚ್ಚುತ್ತವೆ.

ಆದರೆ ಒಂದು ಮಿತಿಯನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ವಿತರಣಾ ಜಾಲವು ಕಡತವನ್ನು ಬೆಂಗಳೂರಿನವರೆಗೆ ತರಬಲ್ಲದು, ಬೆಟ್ಟ ಹತ್ತಿಸಲಾರದು. ಗೋಪುರದಿಂದ ದೇವರಮನೆಯ ಮನೆಯೊಂದರ ಮೊಬೈಲ್‌ವರೆಗಿನ ಕೊನೆಯ ಹಾದಿ ಇಕ್ಕಟ್ಟಾಗಿದ್ದರೆ, 20 ಎಂಬಿ ಕಡತ ಎಷ್ಟು ಹತ್ತಿರದಿಂದ ಹೊರಟರೂ ಅಲ್ಲಿ ನಿಲ್ಲುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ಭಾರ ಇಳಿಸುವುದು ಮೊದಲ ಕೆಲಸ, ವಿತರಣಾ ಜಾಲ ಎರಡನೆಯದು. ಜಾಲತಾಣಕ್ಕೆ ಸಿಡಿಎನ್ ಅಳವಡಿಸಿದೆ ಎಂಬ ಕಾರಣಕ್ಕೆ ಭಾರವಾದ ಕಡತಗಳನ್ನು ಏರಿಸುವುದು ಸರಿಯಲ್ಲ.

ವಿತರಣಾ ಜಾಲದ ನಿಜವಾದ ಪ್ರಯೋಜನ ಜನದಟ್ಟಣೆಯ ದಿನ ಕಾಣುತ್ತದೆ. ಎಸ್ಎಸ್ಎಲ್‌ಸಿ ಫಲಿತಾಂಶದ ದಿನದಂತೆ, ಮಳೆ ಎಚ್ಚರಿಕೆ ಹೊರಡುವ ದಿನವೂ ಎಲ್ಲರೂ ಏಕಕಾಲದಲ್ಲಿ ಒಂದೇ ಪುಟವನ್ನು ಕೇಳುತ್ತಾರೆ. ಆಗ ಬಹುಪಾಲು ಬೇಡಿಕೆಯನ್ನು ವಿತರಣಾ ಸರ್ವರ್‌ಗಳೇ ಪೂರೈಸುವುದರಿಂದ ಮೂಲ ಸರ್ವರ್ ಕುಸಿಯುವುದಿಲ್ಲ.

6. ಹಳೆಯ ಪ್ರತಿ ಉಳಿಯದಂತೆ ನೋಡಿಕೊಳ್ಳುವುದು

ಪ್ರತಿಗಳು ಹಲವೆಡೆ ಇದ್ದಾಗ ಹಳೆಯದು ಉಳಿದುಬಿಡುವ ಅಪಾಯವಿದೆ. ಗ್ರಾಮಸಭೆಯ ದಿನಾಂಕ ಬದಲಾಗಿದ್ದರೂ ಜನರಿಗೆ ಹಳೆಯ ಸೂಚನೆಯೇ ಕಾಣಬಹುದು. ಇದನ್ನು ತಡೆಯಲು ಪ್ರತಿ ಕಡತಕ್ಕೂ ಬಾಳಿಕೆಯ ಅವಧಿಯನ್ನು ಸೆಕೆಂಡುಗಳಲ್ಲಿ ನಿಗದಿಪಡಿಸುವ ಕ್ರಮವಿದೆ.

ಲಾಂಛನ, ಫಾಂಟ್, ವಿನ್ಯಾಸ ಕಡತಗಳಿಗೆ 3,15,36,000 ಸೆಕೆಂಡು, ಅಂದರೆ ಒಂದು ವರ್ಷದ ಅವಧಿ ನೀಡುವುದು ವಾಡಿಕೆ. ಇವು ಬದಲಾದಾಗ ಹೊಸ ಹೆಸರಿನಲ್ಲಿ ಏರಿಸಲಾಗುತ್ತದೆ. ಹೆಸರು ಬೇರೆಯಾದ್ದರಿಂದ ಹಳೆಯ ಪ್ರತಿ ಅಡ್ಡಬರುವುದಿಲ್ಲ. ತುರ್ತು ಸೂಚನೆಯ ಪುಟಕ್ಕೆ 60 ಸೆಕೆಂಡಿನಷ್ಟು ಅಲ್ಪ ಅವಧಿ ಸಾಕು. ಪಿಡಿಎಫ್ ಸೂಚನೆಯನ್ನು ತಿದ್ದಿದಾಗ ಅದೇ ಹೆಸರಿನಲ್ಲಿ ಮತ್ತೆ ಏರಿಸದೆ, ದಿನಾಂಕ ಹಾಗೂ ಪರಿಷ್ಕರಣೆಯ ಸಂಖ್ಯೆಯನ್ನು ಹೆಸರಿನಲ್ಲಿ ಸೇರಿಸುವುದು ಕಚೇರಿಯ ಮಟ್ಟದಲ್ಲೇ ಪಾಲಿಸಬಹುದಾದ ನಿಯಮ.

ಮೊಬೈಲ್‌ನ ಬ್ರೌಸರ್ ಕೂಡ ಪ್ರತಿ ಇಟ್ಟುಕೊಳ್ಳುತ್ತದೆ. ಸಂತೆಗೆಂದು ಮೂಡಿಗೆರೆಗೆ ಬಂದವರು ಅಲ್ಲಿ ಒಮ್ಮೆ ಪುಟ ತೆರೆದಿದ್ದರೆ, ಮನೆಗೆ ಮರಳಿದ ಮೇಲೆ ಫಾಂಟ್, ವಿನ್ಯಾಸಗಳು ಮತ್ತೆ ಇಳಿಯಬೇಕಾಗಿಲ್ಲ. ಬದಲಾದ ಬರಹ ಮಾತ್ರ ಬಂದರೆ ಸಾಕು.

7. ಸಾಮಾನ್ಯ ಸಂಗ್ರಹಕ್ಕೆ ಹೋಗಬಾರದ್ದು

ಲಾಗಿನ್ ಆದ ನಂತರದ ಪುಟವನ್ನು ವಿತರಣಾ ಸರ್ವರ್ ತಪ್ಪಾಗಿ ಸಂಗ್ರಹಿಸಿದರೆ ಒಬ್ಬರ ವಿವರ ಮತ್ತೊಬ್ಬರಿಗೆ ಕಾಣಬಹುದು. ಅಂತಹ ಪುಟಗಳಿಗೆ 'ಸಂಗ್ರಹಿಸಬಾರದು' ಎಂಬ ಆದೇಶವನ್ನು ಸರ್ವರ್‌ನಲ್ಲಿ ಕಡ್ಡಾಯವಾಗಿ ಅಳವಡಿಸಿರಬೇಕು.

ಪಂಚಾಯತಿಯು ಏರಿಸುವ ಪಟ್ಟಿಗಳಿಗೂ ಇದು ಅನ್ವಯಿಸುತ್ತದೆ. ಫಲಾನುಭವಿಗಳ ಆಯ್ಕೆಪಟ್ಟಿ ಸಾರ್ವಜನಿಕವಾಗಿರಬಹುದು. ಆದರೆ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಅಧಿನಿಯಮ 2016ರ ಪ್ರಕರಣ 29 ನಿರ್ಬಂಧಿಸುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆಯೂ ಪಟ್ಟಿಯಲ್ಲಿರಬಾರದು. ಗೋಡೆಗೆ ಅಂಟಿಸಿದ ಕಾಗದವನ್ನು ಕಿತ್ತು ತೆಗೆಯಬಹುದು. ವಿತರಣಾ ಜಾಲಕ್ಕೆ ಹೋದ ಕಡತವನ್ನು ಮೂಲದಲ್ಲಿ ಅಳಿಸಿದರೂ ಅದರ ಪ್ರತಿಗಳು ಅವಧಿ ಮುಗಿಯುವವರೆಗೆ ಬೇರೆಡೆ ಉಳಿಯಬಲ್ಲವು. ಅಂತಹ ಕಡತ ಕಂಡುಬಂದಲ್ಲಿ ಅಳಿಸುವುದರ ಜೊತೆಗೆ, ಎಲ್ಲ ವಿತರಣಾ ಸರ್ವರ್‌ಗಳಿಂದ ತೆರವುಗೊಳಿಸುವಂತೆ ಜಾಲತಾಣದ ನಿರ್ವಾಹಕರನ್ನು ಕೂಡಲೇ ಲಿಖಿತವಾಗಿ ಕೋರತಕ್ಕದ್ದು.

8. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಬಹುತೇಕ ತಂತ್ರಾಂಶಗಳು ರಾಜ್ಯ ಅಥವಾ ಕೇಂದ್ರದ ಮಟ್ಟದಲ್ಲಿ ನಿರ್ವಹಿಸಲ್ಪಡುತ್ತವೆ. ಆದರೂ ಕೆಳಕಂಡವು ಪಂಚಾಯತಿಯ ಕೈಯಲ್ಲಿವೆ.

ಅ) ಜಾಲತಾಣಕ್ಕೆ ಏರಿಸುವ ಚಿತ್ರಕ್ಕೆ 200 ಕೆಬಿ, ಪಿಡಿಎಫ್ ಕಡತಕ್ಕೆ 1 ಎಂಬಿ ಎಂಬಂತಹ ಮಿತಿಯನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಿರ್ಣಯಿಸುವುದು.
ಆ) ಸೂಚನೆಗಳನ್ನು ಯುನಿಕೋಡ್ ಬರಹದಲ್ಲಿಯೂ ಪ್ರಕಟಿಸುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ಕೋರುವುದು.
ಇ) ಪಟ್ಟಿಯನ್ನು ಏರಿಸುವ ಮುನ್ನ ವೈಯಕ್ತಿಕ ಸಂಖ್ಯೆಗಳಿಗಾಗಿ ಒಬ್ಬರು ಪರಿಶೀಲಿಸಿ ಸಹಿ ಮಾಡುವ ಪದ್ಧತಿಯನ್ನು ರೂಢಿಸುವುದು.
ಈ) ಕಚೇರಿಯ ವೈಫೈನಲ್ಲಿ ಅಲ್ಲದೆ, ಸಂಕೇತ ಅತ್ಯಂತ ದುರ್ಬಲವಾಗಿರುವ ಊರಿನಲ್ಲಿ ನಿಂತು ಸಾಧಾರಣ ಮೊಬೈಲ್‌ನಲ್ಲಿ ಪುಟ ತೆರೆದು ಸಮಯ ಎಣಿಸುವುದು. ಫಲಿತಾಂಶವನ್ನು ತಾಲ್ಲೂಕು ಪಂಚಾಯತಿಗೆ ತಿಳಿಸುವುದು.
ಉ) ಸಂಪರ್ಕವೇ ಇಲ್ಲದ ಮನೆಗಳಿಗೆ ಸೂಚನಾ ಫಲಕ, ಡಂಗುರ ಹಾಗೂ ಧ್ವನಿವರ್ಧಕದ ಪ್ರಕಟಣೆಯನ್ನು ಯಾವ ಕಾರಣಕ್ಕೂ ನಿಲ್ಲಿಸದಿರುವುದು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯತಿ ಇತ್ತೀಚೆಗೆ ಪ್ರಕಟಿಸಿದ ಮೂರು ಕಡತಗಳ ಗಾತ್ರವೆಷ್ಟು? ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಅವು ಇಳಿಯಲು ಎಷ್ಟು ಸೆಕೆಂಡು ಬೇಕು? ಎಂಬಿ ಸಂಖ್ಯೆಯನ್ನು 8ರಿಂದ ಗುಣಿಸಿ ನೋಡಿರಿ.
2. ಕೆಳಗಿನವುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿರಿ: ಗ್ರಾಮಸಭೆಯ ನಡವಳಿ, ಒಬ್ಬರ ಅರ್ಜಿಯ ಸ್ಥಿತಿ, ಕಾಳಜಿ ಕೇಂದ್ರಗಳ ಪಟ್ಟಿ, ಪರಿಹಾರ ಪಡೆದವರ ಬ್ಯಾಂಕ್ ವಿವರ.
3. ಜುಲೈ ತಿಂಗಳ ಮಳೆಯಲ್ಲಿ ತಮ್ಮ ವಾರ್ಡಿನ ಯಾವ ಮನೆಗೆ ಸೂಚನೆಯು ಕೊನೆಯದಾಗಿ ತಲುಪುತ್ತದೆ? ಆ ಮನೆಗೆ ಮೊದಲು ತಲುಪಿಸಲು ಕಡತದಲ್ಲಿ ಏನನ್ನು ಬದಲಿಸಬೇಕು, ಕಚೇರಿಯ ಕ್ರಮದಲ್ಲಿ ಏನನ್ನು ಬದಲಿಸಬೇಕು?