ವಾಹನಕ್ಕೊಂದು ಪುಸ್ತಕ, ಚಾಲಕನಿಗೊಂದು ಪುಸ್ತಕ: ಚಾಲನಾ ಅವಧಿಯ ದಾಖಲೆ ಕುರಿತು ಸದಸ್ಯರಿಗೆ ಒಂದು ಪಾಠ



ಗ್ರಾಮ ಪಂಚಾಯಿತಿಯ ಕಸ ಸಂಗ್ರಹಣಾ ವಾಹನಕ್ಕೂ ನೀರಿನ ಟ್ಯಾಂಕರಿಗೂ ಲಾಗ್‌ಪುಸ್ತಕ ಇಡಬೇಕೆಂಬುದು ತಮಗೆಲ್ಲ ತಿಳಿದ ವಿಷಯ. ಇಂಧನದ ಬಿಲ್ಲು ಪಾವತಿಗೆ ಬಂದಾಗ, ಲೆಕ್ಕಪರಿಶೋಧಕರು ಬಂದಾಗ ಆ ಪುಸ್ತಕ ಮೇಜಿನ ಮೇಲೆ ಬರುತ್ತದೆ. ಉಳಿದ ದಿನಗಳಲ್ಲಿ ಅದನ್ನು ತೆರೆದು ನೋಡುವವರು ವಿರಳ. ಡೀಸೆಲ್ಲಿನ ಲೆಕ್ಕ ಹೇಳುವ ಈ ಪುಸ್ತಕಗಳು ಚಾಲಕನ ದುಡಿಮೆಯ ಲೆಕ್ಕವನ್ನೂ ಹೇಳುತ್ತವೆಯೇ ಎಂಬುದು ಈ ಪಾಠದ ಪ್ರಶ್ನೆ.

1. ಒಂದು ಬೆಳಗಿನ ಘಟನೆ

ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ ಮೇ ತಿಂಗಳ ಒಂದು ಬೆಳಿಗ್ಗೆ ಕಸದ ವಾಹನ ರಸ್ತೆ ಬಿಟ್ಟು ಮೋರಿಯ ಕಟ್ಟೆಗೆ ಬಡಿಯಿತು. ಹಿಂದೆ ನಿಂತಿದ್ದ ಸಹಾಯಕನ ಮಣಿಕಟ್ಟು ಮುರಿಯಿತು. ಎದುರಿಗೆ ವಾಹನವಿರಲಿಲ್ಲ, ರಸ್ತೆಯೂ ನೇರವಾಗಿತ್ತು. ಚಾಲಕ ಹೇಳಿದ್ದು ಒಂದೇ ಮಾತು: "ಕಣ್ಣು ಮುಚ್ಚಿಹೋಯಿತು ಸಾರ್."

ನಿರ್ಲಕ್ಷ್ಯದ ಚಾಲನೆ ಎಂಬ ಆರೋಪ ಬಂದಾಗ ಆತನ ಪರವಾಗಿ ದಾಖಲೆ ಹುಡುಕಲು ನಾನೇ ಕುಳಿತೆ. ಆ ಬೇಸಿಗೆಯಲ್ಲಿ ಟ್ಯಾಂಕರಿನ ಚಾಲಕ ಕೆಲಸ ಬಿಟ್ಟಿದ್ದರಿಂದ ಸಂಜೆಯ ಮೇಲೆ ಟ್ಯಾಂಕರನ್ನೂ ಇದೇ ಚಾಲಕ ಓಡಿಸುತ್ತಿದ್ದ. ಹಿಂದಿನ ದಿನ ಆತ ಬೆಳಿಗ್ಗೆ 5.30ರಿಂದ 10.30ರವರೆಗೆ ಕಸದ ವಾಹನದಲ್ಲಿದ್ದ. ಸಂಜೆ 5.00ರಿಂದ ರಾತ್ರಿ 11.40ರವರೆಗೆ ಟ್ಯಾಂಕರಿನಲ್ಲಿದ್ದ. ಮರುದಿನ ಮತ್ತೆ 5.30ಕ್ಕೆ ಹಾಜರು. ಒಟ್ಟು ದುಡಿಮೆ 11 ಗಂಟೆ 40 ನಿಮಿಷ. ಎರಡು ದಿನಗಳ ನಡುವೆ ಬಿಡುವು 5 ಗಂಟೆ 50 ನಿಮಿಷ. ಮನೆಗೆ ಹೋಗಿ ಬರುವುದು, ಊಟ, ಸ್ನಾನ ಕಳೆದರೆ ನಿದ್ದೆಗೆ ಉಳಿದದ್ದು ನಾಲ್ಕು ಗಂಟೆ.

ಇದು ನೀರುಗಂಟಿಯಿಂದಲೂ ಊರಿನವರಿಂದಲೂ ವಿಚಾರಿಸಿ ತಿಳಿದದ್ದು. ಪುಸ್ತಕಗಳಲ್ಲಿ ಇದ್ದದ್ದೇ ಬೇರೆ. ಕಸದ ವಾಹನದ ಪುಸ್ತಕದಲ್ಲಿ ತಿಂಗಳ ಮೂವತ್ತೂ ದಿನ ಒಂದೇ ಶಾಯಿಯಲ್ಲಿ "6ರಿಂದ 10" ಎಂದಿತ್ತು. ಟ್ಯಾಂಕರಿನ ಪುಸ್ತಕದಲ್ಲಿ "5 ಟ್ರಿಪ್" ಎಂದಿತ್ತು, ವೇಳೆಯೇ ಇರಲಿಲ್ಲ. ಎರಡು ಪುಸ್ತಕಗಳ ಪ್ರಕಾರ ಯಾರೂ ದಣಿದಿರಲಿಲ್ಲ. ಎರಡರ ಪ್ರತಿ ಪುಟದಲ್ಲೂ ನನ್ನ ಸಹಿ ಇತ್ತು.

2. ದೋಷ ಎಲ್ಲಿತ್ತು?

ಪುಸ್ತಕ ತಿಂಗಳ ಕೊನೆಗೆ ಒಟ್ಟಿಗೆ ಬರೆದದ್ದು ಎಂಬುದು ಮೊದಲ ದೋಷ. ಆದರೆ ಅದನ್ನು ದಿನವೂ ಸರಿಯಾಗಿ ಬರೆದಿದ್ದರೂ ಸತ್ಯ ಪೂರ್ತಿ ಕಾಣುತ್ತಿರಲಿಲ್ಲ. ಏಕೆಂದರೆ ನಮ್ಮಲ್ಲಿ ವಾಹನಕ್ಕೊಂದು ಪುಸ್ತಕವಿದೆ, ಚಾಲಕನಿಗೊಂದು ಇಲ್ಲ. ಒಬ್ಬನೇ ಎರಡು ವಾಹನ ಓಡಿಸಿದರೆ ಅವನ ದಿನ ಎರಡು ಪುಸ್ತಕಗಳಲ್ಲಿ ಹರಿದು ಹಂಚಿಹೋಗುತ್ತದೆ. ಯಂತ್ರಕ್ಕೆ ವಿಶ್ರಾಂತಿ ಸಿಕ್ಕಿತು ಎಂದು ಎರಡೂ ಪುಸ್ತಕ ಹೇಳುತ್ತವೆ, ಮನುಷ್ಯನಿಗೆ ಸಿಕ್ಕಿತೇ ಎಂಬುದನ್ನು ಯಾವುದೂ ಹೇಳುವುದಿಲ್ಲ.

3. ಕಾನೂನಿನ ಅಳತೆ

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕರಣ 91 ಸಾರಿಗೆ ವಾಹನ ಚಾಲಕರ ಕೆಲಸದ ಅವಧಿಗೆ ಮಿತಿ ಹಾಕುತ್ತದೆ. ಕೆಲಸದ ವೇಳೆಯನ್ನು ಮುಂಚಿತವಾಗಿ ನಿಗದಿಪಡಿಸಿ ದಾಖಲಿಸುವಂತೆ ಉದ್ಯೋಗದಾತರಿಗೆ ಸೂಚಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಅದು ಕೊಟ್ಟಿದೆ. ಹಾಗೆ ದಾಖಲಿಸಿದ ವೇಳೆಯ ಹೊರಗೆ ಚಾಲಕ ಕೆಲಸ ಮಾಡುವುದಷ್ಟೇ ಅಲ್ಲ, ಅವನಿಂದ ಮಾಡಿಸುವುದೂ ನಿಷಿದ್ಧ. "ಮಾಡಿಸುವುದು" ಎಂಬ ಪದವನ್ನು ಸದಸ್ಯರು ಗಮನಿಸಬೇಕು.

ಆ ಪ್ರಕರಣ ಆಧಾರವಾಗಿಟ್ಟುಕೊಂಡ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ಹಾಕಿಕೊಟ್ಟಿದ್ದ ಅಳತೆ ಹೀಗಿತ್ತು:

ಅ) ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ.
ಆ) 5 ಗಂಟೆಗಿಂತ ಹೆಚ್ಚು ಸತತ ದುಡಿಮೆ ಸಲ್ಲದು, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು.
ಇ) ಬಿಡುವೂ ಸೇರಿ ಕೆಲಸದ ಆರಂಭದಿಂದ ಮುಕ್ತಾಯದವರೆಗೆ 12 ಗಂಟೆ ಮೀರಬಾರದು.
ಈ) ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವುದರ ನಡುವೆ ಸತತ 9 ಗಂಟೆ ವಿಶ್ರಾಂತಿ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020 ಕೂಡ ದಿನಕ್ಕೆ 8 ಗಂಟೆಯ ಮಿತಿಯನ್ನೇ ಹೇಳುತ್ತದೆ. 1961ರ ಕಾಯ್ದೆ ಐವರು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ಯಮಗಳಿಗೆಂದು ರಚಿತವಾದದ್ದು, ನಮ್ಮಲ್ಲಿ ಇರುವುದು ಒಬ್ಬರೋ ಇಬ್ಬರೋ ಎಂದು ಯಾರಾದರೂ ವಾದಿಸಬಹುದು. ನಿದ್ದೆಗೆ ಆ ವ್ಯತ್ಯಾಸ ತಿಳಿಯದು. ಮೇಲಿನ ಘಟನೆಯ ದಿನವನ್ನು ಈ ಅಳತೆಗೆ ಹಿಡಿದು ನೋಡಿ: ಆರಂಭದಿಂದ ಮುಕ್ತಾಯದವರೆಗೆ 18 ಗಂಟೆ 10 ನಿಮಿಷ, ವಿಶ್ರಾಂತಿಯಲ್ಲಿ ಕೊರತೆ 3 ಗಂಟೆ 10 ನಿಮಿಷ.

4. ಹೊರದೇಶಗಳ ಲಾರಿ ಚಾಲಕರು ಬರೆಯುವ ಬಗೆ

ವೇಳೆಯನ್ನು ಮನುಷ್ಯನ ಲೆಕ್ಕದಲ್ಲಿ ಬರೆಯುವ ಪದ್ಧತಿಯನ್ನು ಅಮೆರಿಕದ ಲಾರಿ ಚಾಲಕರ ದಾಖಲೆಯಿಂದ ಕಲಿಯಬಹುದು. ಅಲ್ಲಿ ಸರಕು ಲಾರಿ ಚಾಲಕ ಸತತ 10 ಗಂಟೆ ವಿಶ್ರಾಂತಿ ಪಡೆದ ಮೇಲೆ ಹೆಚ್ಚೆಂದರೆ 11 ಗಂಟೆ ವಾಹನ ಓಡಿಸಬಹುದು. ಕೆಲಸ ಆರಂಭಿಸಿ 14 ಗಂಟೆ ಕಳೆದ ಮೇಲೆ ಓಡಿಸುವಂತಿಲ್ಲ. ಅವನ ಕಾಗದದ ದಾಖಲೆ 24 ಗಂಟೆಗಳ ಒಂದು ಚೌಕುಳಿ. ಅದರಲ್ಲಿ ನಾಲ್ಕು ಸಾಲು: ಬಿಡುವು, ವಾಹನದೊಳಗಿನ ಮಲಗುವ ಜಾಗದಲ್ಲಿ ವಿಶ್ರಾಂತಿ, ಚಾಲನೆ, ಚಾಲನೆಯಲ್ಲದ ಕೆಲಸ. ಸರಕು ಏರಿಸುವುದು, ವಾಹನ ತಪಾಸಣೆ ಮುಂತಾದವು ಕೊನೆಯ ಸಾಲಿಗೆ ಸೇರುತ್ತವೆ. ನಾಲ್ಕೂ ಸಾಲುಗಳ ಮೊತ್ತ 24 ಆಗಲೇಬೇಕು. ಒಂದು ಗಂಟೆಯನ್ನು ಮರೆಮಾಚಬೇಕೆಂದರೆ ಅದನ್ನು ಇನ್ನೊಂದು ಸಾಲಿನಲ್ಲಿ ಸುಳ್ಳಾಗಿ ಬರೆಯಲೇಬೇಕು. ಪದ್ಧತಿಯ ಬಲವಿರುವುದು ಇಲ್ಲಿ. ಹಾಗಿದ್ದೂ ಕಾಗದದಲ್ಲಿ ಸುಳ್ಳು ಬರೆಯುವುದು ನಿಲ್ಲಲಿಲ್ಲ. 2017ರ ಡಿಸೆಂಬರಿನಿಂದ ಅಲ್ಲಿನ ಬಹುಪಾಲು ಲಾರಿಗಳಲ್ಲಿ ಎಂಜಿನ್ನಿಗೆ ಜೋಡಿಸಿದ ವಿದ್ಯುನ್ಮಾನ ಸಾಧನ ಕಡ್ಡಾಯವಾಯಿತು.

ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ಅಲ್ಲಿನ ಲಾರಿಗಳ ಟ್ಯಾಕೋಗ್ರಾಫ್ ಎಂಬ ಯಂತ್ರಕ್ಕೆ ಚಾಲಕ ತನ್ನ ಹೆಸರಿನ ಕಾರ್ಡನ್ನು ಹಾಕುತ್ತಾನೆ. ಲಾರಿ ಬದಲಾದರೆ ಕಾರ್ಡು ಅವನ ಜೊತೆಯಲ್ಲೇ ಹೋಗುತ್ತದೆ. ಎರಡೂ ಕಡೆ ತತ್ವ ಒಂದೇ: ದಾಖಲೆ ವ್ಯಕ್ತಿಯನ್ನು ಹಿಂಬಾಲಿಸಬೇಕು.

5. ನಮ್ಮ ಪಂಚಾಯಿತಿಗೆ ಬೇಕಾದ ಪುಸ್ತಕ

ನಮಗೆ ಯಂತ್ರ ಬೇಡ. ನೂರು ಪುಟದ ಒಂದು ನೋಟುಪುಸ್ತಕ ಸಾಕು. ವಾಹನದ ಲಾಗ್‌ಪುಸ್ತಕವನ್ನು ಈಗಿರುವಂತೆಯೇ ಮುಂದುವರಿಸಿ, ಪ್ರತಿ ಚಾಲಕನ ಹೆಸರಿನಲ್ಲಿ ಪ್ರತ್ಯೇಕ ಪುಸ್ತಕ ಇಡುವುದು ಸೂಕ್ತ. ಸಂಜೀವಿನಿ ಒಕ್ಕೂಟದ ಮಹಿಳೆಯರು ಕಸದ ವಾಹನ ಓಡಿಸುತ್ತಿರುವಲ್ಲಿ ಒಕ್ಕೂಟದೊಂದಿಗೆ ಮಾತನಾಡಿ ಇದನ್ನೇ ಅನುಸರಿಸಬಹುದು. ಅಂಕಣಗಳು ಇಷ್ಟು: ದಿನಾಂಕ, ವಾಹನ, ಆರಂಭದ ವೇಳೆ ಮತ್ತು ಓಡೋಮೀಟರ್, ಮುಕ್ತಾಯದ ವೇಳೆ ಮತ್ತು ಓಡೋಮೀಟರ್, ಚಾಲನೆಯಲ್ಲದ ಕೆಲಸ, ಹಿಂದಿನ ಕೆಲಸ ಮುಗಿದಾಗಿನಿಂದ ಸಿಕ್ಕ ವಿಶ್ರಾಂತಿ, ಹೆಚ್ಚುವರಿ ಕೆಲಸ ಹೇಳಿದವರ ಹೆಸರು, ಸಹಿ.

ಬರೆಯುವಾಗ ಮೂರು ನಿಯಮ ಪಾಲಿಸಬೇಕು. ಮೊದಲನೆಯದಾಗಿ, ವಾಹನದ ಕೀಲಿ ತಿರುಗಿಸುವಾಗ ಮತ್ತು ತೆಗೆಯುವಾಗಲೇ ಬರೆಯಬೇಕು. ನೆನಪಿನಿಂದ ಬರೆದ ವೇಳೆಗಳೆಲ್ಲ ದುಂಡು ಅಂಕಿಗಳಾಗಿರುತ್ತವೆ. ಎರಡನೆಯದಾಗಿ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಬಿಳಿ ಶಾಯಿ ಬಳಿಯಬಾರದು. ಮೂರನೆಯದಾಗಿ, ಟ್ಯಾಂಕರ್ ತುಂಬಲು ಕೊಳವೆಬಾವಿಯ ಬಳಿ ಕಾದ ಸಮಯವನ್ನೂ ಕೆಲಸವೆಂದೇ ಬರೆಯಬೇಕು.

6. ಸದಸ್ಯರ ಹೊಣೆ

ಬೇಸಿಗೆಯ ರಾತ್ರಿ ವಾರ್ಡಿನ ಜನ ತಮ್ಮ ಮನೆ ಮುಂದೆ ಕೊಡ ಹಿಡಿದು ನಿಂತಾಗ ತಾವು ಚಾಲಕನಿಗೆ ಕರೆ ಮಾಡಿ "ಇನ್ನೊಂದು ಲೋಡ್ ಹಾಕಪ್ಪ" ಎನ್ನುವುದು ಸಹಜ. ಆ ಕರೆಯ ಹಿಂದೆ ಜನರ ಕಷ್ಟವಿದೆ. ಆದರೆ ಅದೇ ರಾತ್ರಿ ಬೇರೆ ಮೂವರು ಸದಸ್ಯರೂ ಕರೆ ಮಾಡಿರುತ್ತಾರೆ. ನಾಲ್ಕು ಕರೆಗಳ ಮೊತ್ತ ತಿಳಿಯುವುದು ಚಾಲಕನಿಗೆ ಮಾತ್ರ. ಆದ್ದರಿಂದ ರಾತ್ರಿಯ ಹೆಚ್ಚುವರಿ ಲೋಡಿನ ಬೇಡಿಕೆ ಅಭಿವೃದ್ಧಿ ಅಧಿಕಾರಿಯ ಮೂಲಕವೇ ಹೋಗಲಿ. ಚಾಲಕನ ಪುಸ್ತಕ ನೋಡಿ, ವಿಶ್ರಾಂತಿ ಉಳಿಯುವುದಿಲ್ಲವಾದರೆ ಬೆಳಗಿನ ಕಸದ ಪಾಳಿಯನ್ನು ತಡವಾಗಿಸಬಹುದು, ಅಥವಾ ಬದಲಿ ಚಾಲಕನನ್ನು ಗೊತ್ತುಮಾಡಬಹುದು.

ಇನ್ನೊಂದು ಎಚ್ಚರಿಕೆ ಅಗತ್ಯ. ಪುಸ್ತಕದಲ್ಲಿ 11 ಗಂಟೆ ಎಂದು ಕಂಡ ದಿನ ಚಾಲಕನನ್ನು ಗದರಿದರೆ ಮರುದಿನದಿಂದ ಅದು 8 ಗಂಟೆಯನ್ನೇ ತೋರಿಸುತ್ತದೆ, ಕೆಲಸ ಮಾತ್ರ 11 ಗಂಟೆಯೇ ನಡೆಯುತ್ತದೆ. ನಿಜ ಬರೆದವನಿಗೆ ತೊಂದರೆಯಾಗದ ಕಡೆ ಮಾತ್ರ ನಿಜವಾದ ಪುಸ್ತಕ ಇರುತ್ತದೆ. 11 ಎಂಬ ಅಂಕಿ ಕೆಲಸ ಹಂಚಿದ ನಮ್ಮನ್ನು ಕುರಿತ ದೂರು ಎಂದು ಓದಿಕೊಳ್ಳಬೇಕು.

7. ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಕಳೆದ ತಿಂಗಳ ಎಲ್ಲ ವಾಹನಗಳ ಲಾಗ್‌ಪುಸ್ತಕ ಮತ್ತು ಇಂಧನ ರಸೀದಿಗಳನ್ನು ತರಿಸಿಕೊಳ್ಳಿ. ಯಾವುದಾದರೂ ಏಳು ದಿನ ಆರಿಸಿ, ಒಬ್ಬ ಚಾಲಕನ ವೇಳೆಗಳನ್ನು ಒಂದೇ ಹಾಳೆಗೆ ಇಳಿಸಿ. ಒಂದು ದಿನದ ಮುಕ್ತಾಯದ ಓಡೋಮೀಟರ್ ಮರುದಿನದ ಆರಂಭಕ್ಕೆ ಹೊಂದುತ್ತದೆಯೇ? ವೇಳೆಗಳೆಲ್ಲ ದುಂಡು ಅಂಕಿಗಳೇ? ಎರಡು ದಿನಗಳ ನಡುವೆ 9 ಗಂಟೆ ಬಿಡುವಿದೆಯೇ? ಉತ್ತರಗಳನ್ನು ಚಾಲಕನ ಎದುರಿನಲ್ಲೇ ಓದಿ, ಆತನ ಮಾತನ್ನು ಕೇಳಿ, ಚಾಲಕನ ಪುಸ್ತಕ ಆರಂಭಿಸುವ ನಿರ್ಣಯವನ್ನು ನಡವಳಿಯಲ್ಲಿ ದಾಖಲಿಸಿ.

ಆ ಮೇ ತಿಂಗಳಲ್ಲಿ ಇಂಥ ಒಂದು ಹಾಳೆ ನನ್ನ ಮೇಜಿನ ಮೇಲಿದ್ದಿದ್ದರೆ, ಘಟನೆಗೆ ಒಂದು ವಾರ ಮೊದಲೇ ಆ ಚಾಲಕನನ್ನು ಮನೆಗೆ ಕಳುಹಿಸಿ ಮಲಗಲು ಹೇಳುತ್ತಿದ್ದೆ.