ಹೊಳೆ ಬರುವ ಮುಂಚೆ ಗಂಟು ಕಟ್ಟೋಣ

ನಮ್ಮದು ಹೊಳೆ ದಂಡೆಯ ಸೀಮೆ. 2009ರಲ್ಲಿ ಉತ್ತರ ಕರ್ನಾಟಕಕ್ಕೆ ದೊಡ್ಡ ನೆರೆ ಬಂತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮತ್ತೆ ಉಕ್ಕಿದವು. ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಜೀವ ಉಳಿಯಿತು, ಕಾಗದಪತ್ರ ಹೋಯಿತು. ಪರಿಹಾರದ ಅರ್ಜಿಗೆ ಕಾಗದ ಕೇಳಿದರೆ ಎಲ್ಲಿಂದ ತರೋದು?

ಅದಕ್ಕೇ ಮಳೆಗಾಲದ ಮುಂಚೆಯೇ ಒಂದು ಗಂಟು ಕಟ್ಟಿ ಇಡೋಣ. ರೇಷನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಹೊಲದ ಪಹಣಿ ಮೊದಲು. ಇವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಬೇಕು. ಟ್ರಂಕಿನಲ್ಲಿ ಭದ್ರ ಅಂತೀರಾ? ಟ್ರಂಕಿನೊಳಗೂ ನೀರು ಹೋಗ್ತದೆ. ಅದನ್ನು ಹೊತ್ತು ಓಡಲೂ ಆಗದು.

ನೆರೆಯಲ್ಲಿ ಒಲೆ ಹಚ್ಚೋದು ಕಷ್ಟ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಅವಲಕ್ಕಿ ಇರಲಿ. ಖಡಕ್ ರೊಟ್ಟಿ ಬಹಳ ದಿನ ಕೆಡೋದಿಲ್ಲ. ಪೇಟೆಯ ಬಿಸ್ಕತ್ತಿಗಿಂತ ಇದೇ ಮೇಲು! ಮುಚ್ಚಳದ ಕ್ಯಾನಿನಲ್ಲಿ ಕುಡಿಯೋ ನೀರು ಬೇಕು. ನೆರೆ ನೀರು ಸೇರಿದ ಬಾವಿಯ ನೀರು ಕುಡಿದರೆ ವಾಂತಿ ಭೇದಿ ಆಗ್ತದೆ. ಓ.ಆರ್.ಎಸ್. ಪೊಟ್ಟಣವನ್ನು ಆಶಾ ಕಾರ್ಯಕರ್ತೆಯಿಂದ ತಂದಿಡೋಣ. ಪೊಟ್ಟಣ ಇಲ್ಲವೇ? ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಬೇಕು. ಚಮಚ ಮಟ್ಟಸವಾಗಿರಲಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಹಿರಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಟಾರ್ಚು, ಬೆಂಕಿಪೊಟ್ಟಣ, ಒಂದು ಹೊದಿಕೆ ಸಾಕು.

ಮೊಬೈಲ್ ಚಾರ್ಜು ಮುಗಿದರೆ ನಂಬರೂ ಸಿಗೋದಿಲ್ಲ. ನಂಟರ ನಂಬರು, ತುರ್ತು ಸಹಾಯದ 112, ಎರಡನ್ನೂ ಚೀಟಿಯಲ್ಲಿ ಬರೆಯೋಣ. ಈಗ ನಮಗೇ ಬರೆಯಲು ಬರ್ತದಲ್ಲ! ಮಕ್ಕಳ ಜೇಬಿಗೂ ಒಂದು ಚೀಟಿ ಇಡೋಣ. ಮಗು ಗುಂಪಿನಲ್ಲಿ ತಪ್ಪಿಸಿಕೊಂಡರೆ ಆ ಚೀಟಿಯೇ ಮನೆ ಸೇರಿಸ್ತದೆ.

ಗಂಟು ಎಲ್ಲಿದೆ ಅಂತ ಅಜ್ಜಿಗೂ ಗೊತ್ತಿರಬೇಕು. ಕತ್ತಲಲ್ಲಿ ತಡಕಿದರೂ ಕೈಗೆ ಸಿಗಬೇಕು.

ಬರೆಯಿರಿ: ನಿಮ್ಮ ಹೆಸರು, ಊರು, ಹತ್ತಿರದ ನಂಟರ ಫೋನ್ ನಂಬರು.