ಅಲಂಕಾರಗಳು ಎಲ್ಲಿವೆ?

ಉಪಮೆ, ರೂಪಕ, ಪ್ರಾಸ ಮೊದಲಾದ ಹೆಸರುಗಳನ್ನು ಕೇಳಿದೊಡನೆ ಅನೇಕ ವಿದ್ಯಾರ್ಥಿಗಳು ಪರೀಕ್ಷೆಯನ್ನು ನೆನೆದು ಅಂಜುವರು. ಲಕ್ಷಣಗಳನ್ನು ಬಾಯಿಪಾಠ ಮಾಡಿ ಬರೆದು, ಮರುದಿನವೇ ಮರೆಯುವರು. ಆದರೆ ಇವು ಪುಸ್ತಕದಲ್ಲಿ ಹುಟ್ಟಿದ ವಸ್ತುಗಳಲ್ಲ; ನಮ್ಮ ಮಾತಿನಲ್ಲಿ ಮೊದಲೇ ಇದ್ದುವು. ಶಾಸ್ತ್ರವು ಅವುಗಳಿಗೆ ಹೆಸರನ್ನಿಟ್ಟಿತು, ಅಷ್ಟೆ.

ನಮ್ಮ ಫೋಂಡಾ ತಾಲೂಕಿನ ಮಂಗೇಶಿ ದೇವಾಲಯದ ಏಳು ನೆಲೆಯ ದೀಪಸ್ತಂಭವನ್ನು ನೆನೆಯೋಣ. ಸಂಜೆ ಅದರಲ್ಲಿ ಹಣತೆಗಳನ್ನು ಹಚ್ಚಿದರೆಂದು ಭಾವಿಸೋಣ. “ದೀಪಸ್ತಂಭವು ಹೂಬಿಟ್ಟ ಮರದಂತೆ ಶೋಭಿಸಿತು” ಎಂದರೆ ಉಪಮಾಲಂಕಾರ. ನಾವು ವರ್ಣಿಸುವ ದೀಪಸ್ತಂಭವು ಉಪಮೇಯ. ಹೋಲಿಕೆಗೆ ತಂದ ಮರವು ಉಪಮಾನ. ‘ಅಂತೆ’ ಎಂಬುದು ಉಪಮಾವಾಚಕ. ಶೋಭಿಸುವುದು ಎರಡಕ್ಕೂ ಸಮಾನಧರ್ಮ. ‘ಅಂತೆ’ಯನ್ನು ಬಿಟ್ಟು “ದೀಪಸ್ತಂಭವೆಂಬ ಮರವು ಹೂಬಿಟ್ಟಿತು” ಎಂದರೆ ಭೇದವಳಿದು ಎರಡೂ ಒಂದಾದುವು, ಇದು ರೂಪಕ. “ನಕ್ಷತ್ರಗಳೇ ಇಳಿದುಬಂದು ನೆಲೆನೆಲೆಯಲ್ಲಿ ಕುಳಿತುವೋ ಎಂಬಂತೆ ತೋರಿತು” ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. ನೋಟ ಒಂದೇ, ನೋಡುವ ಬಗೆ ಮೂರು.

ಇವು ಅರ್ಥಾಲಂಕಾರಗಳು. ನಾದದಿಂದ ಸೊಗಸುಂಟಾದರೆ ಅದು ಶಬ್ದಾಲಂಕಾರ. ನಾವೇ ಕಟ್ಟಿದ ಎರಡು ಸಾಲುಗಳನ್ನು ನೋಡಿರಿ:

ಮಳೆ ಸುರಿಯಿತಿರುಳೆಲ್ಲ ಬೆಟ್ಟದಲ್ಲಿ,
ಹೊಳೆ ಹರಿಯಿತು ಬೆಳಗ್ಗೆ ಕಣಿವೆಯಲ್ಲಿ.

‘ಮಳೆ’, ‘ಹೊಳೆ’ ಎಂಬಲ್ಲಿ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರುವುದು ಆದಿಪ್ರಾಸ. ಹಳಗನ್ನಡದ ಕವಿಗಳು ಇದನ್ನು ನಿಯಮವಾಗಿಯೇ ಪಾಲಿಸಿದರು. ಸಾಲುಗಳ ಕೊನೆಯಲ್ಲಿ ‘ಅಲ್ಲಿ’ ಎಂಬುದು ಮರಳಿ ಬಂದುದು ಅಂತ್ಯಪ್ರಾಸ.

ಕನ್ನಡದಲ್ಲಿ ನಮಗೆ ದೊರೆತ ಅತ್ಯಂತ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ವು ಈ ವಿಷಯವನ್ನೇ ಕುರಿತದ್ದು. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಹುಟ್ಟಿದ ಆ ಗ್ರಂಥದ 3 ಪರಿಚ್ಛೇದಗಳಲ್ಲಿ ಎರಡನೆಯದು ಶಬ್ದಾಲಂಕಾರಗಳನ್ನೂ ಮೂರನೆಯದು ಅರ್ಥಾಲಂಕಾರಗಳನ್ನೂ ವಿವರಿಸುತ್ತದೆ. ಇಂಥ ಶಾಸ್ತ್ರವನ್ನು ಬರೆದವನೇ, ಕನ್ನಡಿಗರು ವಿಶೇಷವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಕೊಂಡಾಡಿದ್ದಾನೆ.

ಆ ಮಾತು ಇಂದಿಗೂ ಸಲ್ಲುವುದು. ದುಡಿಮೆಗಾಗಿ ಗೋವೆಗೆ ಬಂದ, ಶಾಲೆಯ ಮೆಟ್ಟಿಲು ಹತ್ತದ ತಾಯಿಯೊಬ್ಬಳು ಮಗುವನ್ನು “ಬಾ ನನ್ನ ಬಂಗಾರ” ಎಂದು ಕರೆದರೆ, ಅದೇ ರೂಪಕ. ಪಾಲಕರೇ, ನಮಗೆ ಕಾವ್ಯ ತಿಳಿಯದೆಂದು ಸಂಕೋಚಪಡಬೇಡಿರಿ. ಬೀದಿಯಲ್ಲಿ ಕೊಂಕಣಿ, ಮರಾಠಿಗಳನ್ನು ಕೇಳುವ ಈ ಊರಿನಲ್ಲಿ ಮಕ್ಕಳಿಗೆ ಕನ್ನಡದ ಮೊದಲ ಅಲಂಕಾರಪಾಠವು ನಿಮ್ಮ ಮಾತೇ ಆಗಿದೆ; ಮನೆಯಲ್ಲಿ ಅದು ನಿಂತರೆ ಶಾಲೆಯ ಪಾಠಕ್ಕೆ ಬೇರಿಲ್ಲ. ವಿದ್ಯಾರ್ಥಿಗಳೇ, ಇಂದು ರಾತ್ರಿ ಊಟದ ಹೊತ್ತಿಗೆ ಹಿರಿಯರ ಮಾತನ್ನು ಕಿವಿಗೊಟ್ಟು ಕೇಳಿರಿ. ಒಂದು ಉಪಮೆಯನ್ನೂ ಒಂದು ರೂಪಕವನ್ನೂ ಬರೆದುಕೊಂಡು ನಾಳೆ ತರಗತಿಗೆ ತನ್ನಿರಿ.